ಮೊದಲ ಮುದ್ದೆ

ಸಾರಕ್ಕಿಯ ಕೆಂಪಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಾಗ ಮೊದಲ ಮುದ್ದೆ ಯಾರ ತಟ್ಟೆಗೆ ಬೀಳಬೇಕು ಎಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅದು ಮನೆಯ ಹಿರಿಯ ಗಂಡಸಿನದು. ಕೆಂಪಕ್ಕನ ಗಂಡ ಇರುವವರೆಗೆ ಅವನದು, ಅವನು ಹೋದ ಮೇಲೆ ಹಿರಿಯ ಮಗ ತಿಮ್ಮರಾಯಪ್ಪನದು. ಕೆಂಪಕ್ಕ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು ಯಾರಿಗೆ ಏನು ಎಂದು ಹೇಳುತ್ತಿದ್ದಳು, ಹಿರಿಸೊಸೆ ಮುನಿಲಕ್ಷ್ಮಮ್ಮ ಇಕ್ಕುತ್ತಿದ್ದಳು. ೧೯೭೮ರಲ್ಲಿ ಕಿರಿಯ ಮಗ ಗಂಗಾಧರಯ್ಯ ವಿಧಾನಸಭೆಗೆ ಗೆದ್ದು, ಕುತ್ತಿಗೆ ಕಾಣದಷ್ಟು ಹಾರ ಹಾಕಿಸಿಕೊಂಡು ಮನೆಗೆ ಬಂದ ದಿನ ಮುದುಕಿಗೆ ಸಂತೋಷ ತಡೆಯಲಾಗಲಿಲ್ಲ. "ಮೊದ್ಲು ಎಮ್ಮೆಲ್ಲೆಗೆ ಇಕ್ಕಮ್ಮ" ಅಂದಳು. ಒಂದು ದಿನದ ಸಂಭ್ರಮ ಎಂದು ಎಲ್ಲರೂ ನಕ್ಕರು. ಆ ಸಂಭ್ರಮ ಐದು ವರ್ಷ ನಡೆಯಿತು.

ತಿಮ್ಮರಾಯಪ್ಪ ಈ ಬಗ್ಗೆ ತಾನಾಗಿ ಒಂದು ಮಾತೂ ಆಡಲಿಲ್ಲ. ಮುನಿಲಕ್ಷ್ಮಮ್ಮ ಆಡದ ದಿನವಿರಲಿಲ್ಲ.

"ಬಿಡೇ, ಮುದ್ದೆ ಮುದ್ದೇನೇ. ಮೊದಲ್ನೇದಾದ್ರೇನು, ಎರಡ್ನೇದಾದ್ರೇನು" ಎನ್ನುತ್ತಿದ್ದ ಅವನು.

"ಹಂಗಾದ್ರೆ ನಾಳೆಯಿಂದ ನಿಮ್ ತಮ್ಮನಿಗೆ ಎರಡ್ನೇದು ಇಕ್ತೀನಿ. ಆಗ್ಬೋದಾ?"

ಇಂಥ ಪ್ರಶ್ನೆ ಬಂದಾಗಲೆಲ್ಲ ತಿಮ್ಮರಾಯಪ್ಪನಿಗೆ ಹಸುಗಳ ನೆನಪಾಗುತ್ತಿತ್ತು. ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ.

ಹೊಟ್ಟೆಕಿಚ್ಚು ಹೆಂಡತಿಗೆ ಮಾತ್ರ, ಗಂಡ ದೇವರಂಥವನು ಎಂದು ಊರಿನವರು ತಿಳಿದಿದ್ದರು. ಊರಿನವರಿಗೆ ಏನು ಗೊತ್ತು! ಪಕ್ಷದ ಹಿರಿಯರಿಬ್ಬರು ಎಪ್ಪತ್ತೆಂಟರಲ್ಲಿ ಕಾರು ಮಾಡಿಕೊಂಡು ಆ ಮನೆಗೆ ಬಂದದ್ದು ತಿಮ್ಮರಾಯಪ್ಪನನ್ನು ಹುಡುಕಿಕೊಂಡು. ಹೊಲವೆಲ್ಲ ಜೆ.ಪಿ. ನಗರದ ಬಡಾವಣೆಗೆ ಹೋದ ಮೇಲೆ ಅವನು ನಾಲ್ಕು ಹಸು ಇಟ್ಟುಕೊಂಡು, ಸೈಕಲ್ಲಿನ ಎರಡೂ ಕಡೆ ಕ್ಯಾನು ನೇತುಹಾಕಿ, ಜಯನಗರದ ಮನೆಮನೆಗೆ ಹಾಲು ಹಾಕುತ್ತಿದ್ದ. ನೀರು ಬೆರೆಸದ ಮನುಷ್ಯ ಎಂದು ಹೆಸರಿತ್ತು. "ನೀವು ನಿಂತ್ಕೋಬೇಕು ತಿಮ್ಮರಾಯಪ್ನೋರೆ" ಎಂದು ಬಂದವರು ಕೇಳಿದರು. ಅವನು ಕೈಮುಗಿದು, "ಅಯ್ಯೋ, ನಮಗ್ಯಾಕೆ ಸ್ವಾಮಿ ಅದೆಲ್ಲ. ನಮ್ ಗಂಗಾಧರ ಎಸ್ಸೆಸ್ಸೆಲ್ಸಿ ಓದವ್ನೆ, ಅವನ್ನ ಕೇಳಿ" ಅಂದ.

ಇನ್ನೊಂದು ಮುದ್ದೆ ಹಾಕಲೇ ಎಂದರೆ ಸಾರಕ್ಕಿಯಲ್ಲಿ ಮಾನವಂತರು ಯಾರೂ ಮೊದಲ ಸಲವೇ ಹೂಂ ಅನ್ನುವುದಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿದು ಬೇಡ ಅನ್ನುತ್ತಾರೆ. ಇಕ್ಕುವವರು ಇನ್ನೊಮ್ಮೆ ಒತ್ತಾಯ ಮಾಡುತ್ತಾರೆ. ಆಗ ಕೈ ತೆಗೆಯುತ್ತಾರೆ. ತಿಮ್ಮರಾಯಪ್ಪ ಮಾಡಿದ್ದು ಅಷ್ಟೇ, ಕೈ ಅಡ್ಡ ಹಿಡಿದದ್ದು. ಬಂದವರು ಪೇಟೆಯ ಮಂದಿ, ಬೇಡ ಅಂದರೆ ಬೇಡ ಎಂದೇ ಅರ್ಥ ಮಾಡಿಕೊಂಡರು. "ಒಳ್ಳೆ ಸಲಹೆ" ಎಂದು ಕಾಫಿ ಕುಡಿದು, ಗಂಗಾಧರಯ್ಯನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಇನ್ನೊಂದು ಸಲ ಕೇಳಿದ್ದರೆ ಅವನು ಒಪ್ಪುತ್ತಿದ್ದ. ಅದು ಅವನಿಗೂ ಗೊತ್ತು, ಹೆಂಡತಿಗೂ ಗೊತ್ತು, ಇಬ್ಬರೂ ಐದು ವರ್ಷದಲ್ಲಿ ಒಂದು ಸಲವೂ ಆ ಮಾತು ಎತ್ತಿರಲಿಲ್ಲ.

ಎಂಬತ್ತೆರಡರ ಹೊತ್ತಿಗೆ ಮನೆ ಗುರುತು ಸಿಗದ ಹಾಗೆ ಆಗಿತ್ತು. ಬೆಳಿಗ್ಗೆ ಆರಕ್ಕೇ ಜಗಲಿಯ ತುಂಬ ಚಪ್ಪಲಿ. ನಲ್ಲಿ ಬೇಕೆಂದವರು, ಬಸ್ಸು ಬೇಕೆಂದವರು, ಮಗನಿಗೆ ಕೆಲಸ ಬೇಕೆಂದವರು, ಏನೂ ಬೇಡದೆ ಸುಮ್ಮನೆ ಮುಖ ತೋರಿಸಲು ಬಂದವರು. ಎಲ್ಲರಿಗೂ ಕಾಫಿ. ಕಾಯಿಸುವವಳು ಮುನಿಲಕ್ಷ್ಮಮ್ಮ, ಲೋಟ ತೊಳೆಯುವವಳು ಅವಳ ಮಗಳು ನಾಗು. ಗಂಗಾಧರಯ್ಯನ ಹೆಂಡತಿ ಗೌರಮ್ಮ ಕೆಟ್ಟವಳಲ್ಲ. ಕೆಲಸ ಮಾಡಲು ಬರುತ್ತಿದ್ದಳು. ಅಷ್ಟರಲ್ಲಿ ಯಾರಾದರೂ ಅವಳನ್ನು ಉದ್ಘಾಟನೆಗೆ ಕರೆಯುತ್ತಿದ್ದರು.

"ಅಕ್ಕಾ, ಇವತ್ತು ಪದ್ಮನಾಭನಗರದಲ್ಲಿ ಮಹಿಳಾ ಸಮಾಜದ ಓಪನಿಂಗು. ಹನ್ನೊಂದಕ್ಕೆ ಕಾರ್ ಬರುತ್ತೆ. ನೀವೂ ಬನ್ನಿ ಅಕ್ಕ."

"ನಾನು ಬಂದ್ರೆ ನಿಮ್ ಜನಕ್ಕೆ ಕಾಫಿ ಕಾಯ್ಸೋರು ಯಾರು?"

"ಒಂದಿನ ಬಿಟ್ರೆ ಏನೂ ಆಗಲ್ಲ ಬನ್ನಿ."

"ಬಂದು ಎಲ್ಲಿ ಕೂತ್ಕೊಳ್ಳಿ? ಮೇಲೆ ನಿನ್ ಪಕ್ಕದಾಗೋ, ಕೆಳಗೆ ಜಮಖಾನದ ಮೇಲೋ?"

ಗೌರಮ್ಮ ಒಬ್ಬಳೇ ಹೋಗಿ, ಟೇಪು ಕತ್ತರಿಸಿ, ಆ ಹೊಸ ಕತ್ತರಿಯನ್ನು ಅವರೇ ಕಾಣಿಕೆ ಕೊಟ್ಟರೆಂದು ತಂದು ಷೋಕೇಸಿನಲ್ಲಿ ಇಟ್ಟಳು. ಮಾರನೆಯ ಬೆಳಿಗ್ಗೆ ಮುನಿಲಕ್ಷ್ಮಮ್ಮ ಅದೇ ಕತ್ತರಿಯಿಂದ ಬೂಸಾ ಮೂಟೆಯ ದಾರ ಕತ್ತರಿಸಿದಳು. ಗೌರಮ್ಮ ನೋಡಿದಳು. ಸೆರಗಿನಲ್ಲಿ ಕತ್ತರಿ ಒರೆಸಿ ಮತ್ತೆ ಷೋಕೇಸಿಗೆ ಇಟ್ಟಳು. ಅವಳು ಜಗಳ ಆಡಿದ್ದರೆ ಮುನಿಲಕ್ಷ್ಮಮ್ಮನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಾಗುವಿನ ವಿಷಯವೂ ಸೇರಿಕೊಂಡಿತು. ಹತ್ತೊಂಬತ್ತರ ಹುಡುಗಿ, ಟೀಚರ್ ಟ್ರೈನಿಂಗ್ ಸೇರಬೇಕೆಂದು ಆಸೆ. ಬಂದವರಿಗೆಲ್ಲ ಚಿಕ್ಕಪ್ಪ ಶಿಫಾರಸು ಪತ್ರ ಬರೆದುಕೊಡುವುದನ್ನು ದಿನಾ ನೋಡುತ್ತಿದ್ದವಳು ಒಂದು ದಿನ ತಾನೂ ಕೇಳಿದಳು.

"ನಿಂಗೆ ಕೊಟ್ರೆ ಎಮ್ಮೆಲ್ಲೆ ಮನೆಯೋರಿಗೇ ಸೀಟು ಅಂತ ಪೇಪರ್ನಲ್ಲಿ ಹಾಕ್ತಾರೆ ಕಣಮ್ಮ" ಅಂದ ಗಂಗಾಧರಯ್ಯ. "ನನ್ನ ಹೆಸರು ಕೆಡುತ್ತೆ."

"ಚಿಕ್ಕಮ್ಮನ ತಮ್ಮನಿಗೆ ಕೊಟ್ರಲ್ಲ ಚಿಕ್ಕಪ್ಪ?"

"ಅವನು ಬೇರೆ ಮನೆಯೋನಮ್ಮ. ನಮ್ಮನೆಯೋನಲ್ವಲ್ಲ."

ಗಂಗಾಧರಯ್ಯ ಇದನ್ನು ನಿಜವಾಗಿ ನಂಬಿದ್ದ. ಅವನ ತಪ್ಪುಗಳೆಲ್ಲ ಇಂಥವೇ, ಕೆಡುಕಿನಿಂದ ಹುಟ್ಟಿದ್ದು ಒಂದೂ ಇಲ್ಲ. ಆದರೆ ಅಡುಗೆಮನೆಯಲ್ಲಿ ಈ ಉತ್ತರ ಬೇರೆ ಥರ ಕೇಳಿಸಿತು. "ನೋಡ್ದಾ, ಈ ಮನೆಯಾಗೆ ಹುಟ್ಟಿದ್ದೇ ನಿನ್ ತಪ್ಪು. ಹೋಗಿ ಲೋಟ ತೊಳಿ" ಎಂದಳು ತಾಯಿ. ನಾಗು ಲೋಟಗಳನ್ನು ಕುಕ್ಕಿ ಕುಕ್ಕಿ ತೊಳೆದಳು.

ಡಿಸೆಂಬರ್ ಬಂತು, ಚುನಾವಣೆಯೂ ಬಂತು. ಈ ಸಲ ಗಾಳಿ ಹೇಗೆ ಬೀಸುತ್ತದೋ ಎಂದು ಗಂಗಾಧರಯ್ಯನಿಗೆ ಒಳಗೇ ಅಳುಕು. ಜಾತಕ ತೋರಿಸಿಕೊಂಡು ಬಂದವನೇ ಮನೆಯವರನ್ನೆಲ್ಲ ನಡುಮನೆಗೆ ಕರೆದ.

"ಎಲೆಕ್ಷನ್ ಮುಗಿಯೋವರ್ಗೂ ರಾಹುಕಾಲದಲ್ಲಿ ಈ ಮನೆಯಿಂದ ಯಾರೂ ಹೊಸಲು ದಾಟಬಾರ್ದು. ಒಂದು ಕಾಗದಕ್ಕೂ ಸಹಿ ಹಾಕ್ಬಾರ್ದು. ನಾನಾಗ್ಲಿ, ಅಣ್ಣನಾಗ್ಲಿ. ಮೀರಿದ್ರೆ ಸೀಟು ಹೋದಂಗೇ ಅಂತ ಜೋಯಿಸ್ರು ಖಂಡಿತವಾಗಿ ಹೇಳವ್ರೆ. ತಿಳೀತಾ?"

ಯಾವ ವಾರ ಎಷ್ಟು ಗಂಟೆಗೆ ರಾಹುಕಾಲ ಎಂದು ನಾಗುವಿನ ಕೈಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ ಗೋಡೆ ಗಡಿಯಾರದ ಕೆಳಗೆ ಅಂಟಿಸಿದ. ನಂತರ ಇನ್ನೊಂದು ವಿಷಯ ಹೇಳಿದ. ತನ್ನ ನಾಮಪತ್ರ ಯಾವುದಾದರೂ ಕಾರಣಕ್ಕೆ ತಿರಸ್ಕಾರವಾದರೆ ಕೈಗೆ ಇನ್ನೊಬ್ಬ ಬೇಕು. ಅದಕ್ಕೆ ಅಣ್ಣ ಡಮ್ಮಿ ಕ್ಯಾಂಡಿಡೇಟ್ ಆಗಿ ಒಂದು ನಾಮಪತ್ರ ಹಾಕಬೇಕು. ತನ್ನದು ಅಂಗೀಕಾರವಾದ ಮೇಲೆ ಅಣ್ಣ ತನ್ನದನ್ನು ವಾಪಸ್ ತೆಗೆದುಕೊಳ್ಳಬೇಕು.

"ಹೊರಗಿನೋರ್ನ ನಂಬಕ್ಕಾಗಲ್ಲಣ್ಣ. ವಾಪಸ್ ತಗೊಳ್ದೆ ಆಟ ಆಡಿಸ್ಬಿಡ್ತಾರೆ. ನೀನಾದ್ರೆ ನಮ್ಮೋನು."

"ಆಗ್ಲಿ ಬಿಡು" ಎಂದ ತಿಮ್ಮರಾಯಪ್ಪ.

ಅಡುಗೆಮನೆಯಲ್ಲಿ ಮುನಿಲಕ್ಷ್ಮಮ್ಮ ಮಗಳನ್ನು ಕೇಳಿದಳು. "ಡಮ್ಮಿ ಅಂದ್ರೇನೇ?"

"ಬಟ್ಟೆ ಅಂಗಡಿ ಮುಂದೆ ಸೀರೆ ಉಡಿಸಿ ನಿಲ್ಸಿರ್ತಾರಲ್ಲಮ್ಮ, ಅದು."

ಮುನಿಲಕ್ಷ್ಮಮ್ಮ ಆ ದಿನವೆಲ್ಲ ಮಾತಾಡಲಿಲ್ಲ. ಈ ಮನೆಯಲ್ಲಿ ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ.

ಗಂಗಾಧರಯ್ಯನ ಎಲೆಕ್ಷನ್ ಏಜೆಂಟು ರಾಮಪ್ರಸಾದ, ವಕೀಲರ ಬಳಿ ಗುಮಾಸ್ತನಾಗಿದ್ದವನು, ಎರಡೂ ಅರ್ಜಿ ತುಂಬಿದ. ಡಮ್ಮಿಯ ಅರ್ಜಿಯಲ್ಲೂ ಇಷ್ಟವಾದ ಮೂರು ಚಿಹ್ನೆ ಬರೆಯಬೇಕಿತ್ತು. "ನಿಮ್ದು ಸೈಕಲ್ಲೇ ಅಲ್ವಾ ಅಣ್ಣ" ಎಂದು ನಗುತ್ತಾ ಮೊದಲು ಅದನ್ನೇ ಬರೆದ. ಹೇಗೂ ವಾಪಸ್ ಪಡೆಯುವ ಅರ್ಜಿ. ಎರಡೂ ಅಂಗೀಕಾರವಾದವು. ವಾಪಸ್ ಪಡೆಯಲು ಕಡೆಯ ದಿನ ಗುರುವಾರ, ಮಧ್ಯಾಹ್ನ ಮೂರು ಗಂಟೆಯವರೆಗೆ.

ಗುರುವಾರ ಬೆಳಿಗ್ಗೆ ಏಳಕ್ಕೇ ಗಂಗಾಧರಯ್ಯ ಸಿದ್ದಾಪುರಕ್ಕೆ ಹೊರಟ. ಅಲ್ಲಿ ಪಕ್ಷದವನೊಬ್ಬ ಮುನಿಸಿಕೊಂಡು ತಾನೂ ನಿಂತಿದ್ದ. ಅವನ ಕೈಕಾಲು ಹಿಡಿದು ನಾಮಪತ್ರ ವಾಪಸ್ ತೆಗೆಸಬೇಕಿತ್ತು.

"ಅಣ್ಣಾ, ಹನ್ನೆರಡಕ್ಕೆ ರಾಮಪ್ರಸಾದ ಕಾರ್ ತರ್ತಾನೆ. ಒಂದೂವರೆಗೆ ರಾಹುಕಾಲ ಹತ್ಕೊಳ್ಳುತ್ತೆ, ಅಷ್ಟ್ರೊಳಗೆ ಹೊರಟ್ಬಿಡು. ಮೂರರ ಮೇಲೆ ಅವ್ರು ತಗೊಳ್ಳಲ್ಲ."

"ನಡಿ ನೀನು, ನಾನು ನೋಡ್ಕೋತೀನಿ."

ಹಾಗೆ ಹೇಳುವಾಗ ತಿಮ್ಮರಾಯಪ್ಪನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇದನ್ನು ಅವನ ಪರವಾಗಿ ಹೇಳಲೇಬೇಕು.

ರಾಮಪ್ರಸಾದ ಹನ್ನೆರಡಕ್ಕೆ ಸರಿಯಾಗಿ ಬಂದ. ಹುಲ್ಲು ತರಲು ಕೆರೆಯ ಕಡೆ ಹೋಗಿದ್ದ ತಿಮ್ಮರಾಯಪ್ಪ ಹನ್ನೆರಡೂ ಕಾಲಿಗೆ ಬಂದು ಕೈಕಾಲು ತೊಳೆದ. ಮುನಿಲಕ್ಷ್ಮಮ್ಮ ಬಾಗಿಲಿಗೆ ಬಂದಳು.

"ಬರೀ ಹೊಟ್ಟೇಲಿ ಹೋಗ್ಬೇಡಿ, ಊಟ ಮಾಡ್ಕೊಂಡೇ ಹೋಗಿ. ರಾಮಪ್ರಸಾದ್ರೇ, ನೀವೂ ಏಳಿ. ಹಿದಕವರೆ ಸಾರು ಮಾಡಿದೀನಿ."

ಹಿದಕವರೆ ಎಂದರೆ ರಾಮಪ್ರಸಾದ ಕರಗಿಹೋಗುವ ಮನುಷ್ಯ. "ಅರ್ಧ ಗಂಟೇಲಿ ಆಗುತ್ತಾ ಅಕ್ಕ?" ಎಂದು ಕೈ ತೊಳೆಯಲು ಹೊರಟ. ದಿನಾ ಹನ್ನೆರಡಕ್ಕೆ ಮುದ್ದೆ ಕಟ್ಟಿ ಮುಗಿಸುತ್ತಿದ್ದ ಮನೆಯಲ್ಲಿ ಆ ದಿನ ಎಸರಿನ ಪಾತ್ರೆ ಇನ್ನೂ ಬಚ್ಚಲಲ್ಲಿತ್ತು. ಅವಳು ಅದನ್ನು ಬೂದಿ ಹಾಕಿ ತಿಕ್ಕಿ, ಎರಡು ಸಲ ತೊಳೆದು ತಂದಳು.

"ಗ್ಯಾಸ್ ಹತ್ಸಮ್ಮ, ಬೇಗ ಆಗುತ್ತೆ" ಎಂದಳು ಮಣೆಯ ಮೇಲಿದ್ದ ಕೆಂಪಕ್ಕ.

"ಗ್ಯಾಸಿನ್ ಮೇಲೆ ಮುದ್ದೆ ಸರಿ ಬೇಯಲ್ಲ ಅತ್ತೆ."

ಹಿಂದಿನ ವಾರ ಎಮ್ಮೆಲ್ಲೆಗೆ ಅವಸರವೆಂದು ಗ್ಯಾಸಿನ ಮೇಲೆಯೇ ಮುದ್ದೆ ಮಾಡಿಕೊಟ್ಟವಳು ಅವಳೇ. ಈಗ ಸೌದೆ ಒಲೆಗೆ ಹಸಿ ಸೌದೆ ತುರುಕಿದಳು. ಅಡುಗೆಮನೆ ಹೊಗೆಯಿಂದ ತುಂಬಿತು. ನಾಗು ಕಣ್ಣು ಉಜ್ಜುತ್ತ ಬಂದು, "ಒಣಗಿದ ಸೌದೆ ಹಿತ್ತಲಲ್ಲೇ ಇದೆಯಲ್ಲಮ್ಮ" ಎಂದಳು. "ನೀನ್ ಸುಮ್ನಿರು" ಎಂಬ ಉತ್ತರ ಸಿಕ್ಕಿತು. ಹುಡುಗಿ ತಾಯಿಯ ಮುಖ ನೋಡಿ ಹೊರಗೆ ಹೋದಳು.

ತಿಮ್ಮರಾಯಪ್ಪ ತಟ್ಟೆಯ ಮುಂದೆ ಕುಳಿತಿದ್ದ. ಅವನ ಜಾಗದಿಂದ ಒಲೆ ಕಾಣುತ್ತಿತ್ತು, ಗಡಿಯಾರವೂ ಕಾಣುತ್ತಿತ್ತು. ಹಸಿ ಸೌದೆ ಯಾವುದು ಎಂದು ಅವನಿಗೆ ತಿಳಿಯದ್ದೇನಲ್ಲ. ನೆಲುವಿನ ಮೇಲೆ ಬೆಳಗಿನ ಅನ್ನವಿತ್ತು. ಎರಡು ತುತ್ತು ಅದನ್ನೇ ಹಾಕು, ಹೋಗಿಬರುತ್ತೇನೆ ಅನ್ನಬಹುದಿತ್ತು. ಬಾಯಿ ತೆರೆದ ಕೂಡ. ನಂತರ ಬಾಯಿ ಮುಚ್ಚಿ, ನೆಲದ ಮೇಲೆ ಬೆರಳಿನಿಂದ ಗೆರೆ ಎಳೆಯತೊಡಗಿದ.

ಒಂದು ಗಂಟೆ ಹೊಡೆಯಿತು. ರಾಮಪ್ರಸಾದ, "ಆಯ್ತಾ ಅಕ್ಕ?" ಅಂದ. "ಇಗೋ, ಹಿಟ್ಟು ತೊಳಸ್ತಾ ಇದೀನಿ" ಎಂಬ ಮಾತು ಹೊಗೆಯೊಳಗಿನಿಂದ ಬಂತು. ಒಂದೂ ಹತ್ತಕ್ಕೆ ಮೊದಲ ಮುದ್ದೆ ಕಟ್ಟಿ ಕೈಯಲ್ಲಿ ಹಿಡಿದು ಮುನಿಲಕ್ಷ್ಮಮ್ಮ ಗಂಡನ ಕಡೆ ತಿರುಗಿದಳು.

"ಅದನ್ನ ಗಂಗಾಧರಂಗೆ ಎತ್ತಿಡು" ಎಂದಳು ಕೆಂಪಕ್ಕ. "ಸಂಜೆ ಬಂದು ತಿಂತಾನೆ."

ಊಟಕ್ಕೇ ಇಲ್ಲದ ಮನುಷ್ಯನಿಗೂ ಮೊದಲ ಮುದ್ದೆ! ಮುನಿಲಕ್ಷ್ಮಮ್ಮ ಅದನ್ನು ಬಟ್ಟಲಿಗೆ ಹಾಕಿ ಮುಚ್ಚಿಟ್ಟು, ಎರಡನೆಯದನ್ನು ಕಟ್ಟಿ ಗಂಡನ ತಟ್ಟೆಗೆ ಇಟ್ಟಳು. ತಿಮ್ಮರಾಯಪ್ಪ ಮುಚ್ಚಿದ ಬಟ್ಟಲನ್ನೇ ನೋಡುತ್ತ ನಿಧಾನವಾಗಿ ಉಂಡ. ತಟ್ಟೆ ಖಾಲಿಯಾಗುವಾಗ ಒಂದೂ ಇಪ್ಪತ್ತೈದು. ರಾಮಪ್ರಸಾದ ಆಗಲೇ ಕೈ ತೊಳೆದು ಕಾರಿನ ಬಳಿ ನಿಂತಿದ್ದ.

"ಇನ್ನೊಂದು ಹಾಕ್ಲಾ?" ಎಂದಳು ಹೆಂಡತಿ.

ಐವತ್ತೆರಡು ವರ್ಷದಲ್ಲಿ ಮೊದಲ ಸಲ ತಿಮ್ಮರಾಯಪ್ಪ ತಟ್ಟೆಗೆ ಕೈ ಅಡ್ಡ ಹಿಡಿಯಲಿಲ್ಲ. "ಹಾಕು" ಅಂದ.

ಅವನು ಅದನ್ನು ಮುಗಿಸಿ, ಮಜ್ಜಿಗೆ ಕುಡಿದು, ಅಂಗಿ ಹಾಕಿಕೊಂಡು ಬರುವಾಗ ಗಡಿಯಾರದಲ್ಲಿ ಒಂದೂ ಮೂವತ್ತೈದು. ಹೊಸಲಿನ ಹತ್ತಿರ ಬಂದು ನಿಂತುಬಿಟ್ಟ.

"ರಾಹುಕಾಲ ಹತ್ಕೊಂತಲ್ಲ ರಾಮಪ್ರಸಾದ್ರೇ."

"ಅಣ್ಣಾ, ಐದು ನಿಮಿಷ! ಬನ್ನಿ ಬನ್ನಿ, ಏನೂ ಆಗಲ್ಲ."

"ಏನೂ ಆಗಲ್ಲ ಅಂತ ನೀವಂತೀರಿ. ಹೊಸಲು ದಾಟಿದ್ರೆ ಸೀಟು ಹೋಗುತ್ತೆ ಅಂತ ಹೇಳ್ದೋನು ನಿಮ್ ಸಾಹೇಬ. ಅಲ್ ನೋಡಿ, ಬರ್ಸಿ ಅಂಟಿಸವ್ನೆ."

"ಹೋಗ್ಲಿ, ನೀವು ಬರೋದೇ ಬೇಡ. ಇದಕ್ಕೊಂದು ಸಹಿ ಹಾಕಿ, ನಾನೇ ತಗೊಂಡ್ ಹೋಗಿ ಕೊಡ್ತೀನಿ. ಏಜೆಂಟ್ ಕೈಲಿ ಬರೆದು ಕಳಿಸಿದ್ರೆ ನಡೆಯುತ್ತೆ."

"ಸಹಿನೂ ಹಾಕ್ಬಾರ್ದು ಅಂದವ್ನೆ. ನನ್ ತಮ್ಮನ ಮಾತು ನಾನು ಮೀರಲ್ಲಪ್ಪ. ಅವನಿಗೆ ಕೆಡುಕಾದ್ರೆ ನಾಳೆ ಯಾರು ಜವಾಬ್ದಾರಿ?"

ರಾಮಪ್ರಸಾದ ಪಕ್ಷದ ಕಚೇರಿಗೆ ಫೋನು ಮಾಡಿದ. ಸಾಹೇಬರು ಸಿದ್ದಾಪುರದ ಯಾವ ಮನೆಯಲ್ಲಿದ್ದಾರೋ ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಕೈಮುಗಿದ, ಕಾಲು ಹಿಡಿಯಲು ಬಗ್ಗಿದ. ಗೌರಮ್ಮ ಒಳಗಿನಿಂದ ಬಂದು, "ಭಾವಾ, ನಿಮ್ ಕೈ ಮುಗೀತೀನಿ. ಆ ಚೀಟಿ ನಾನೇ ಹರಿದು ಹಾಕ್ತೀನಿ, ಹೋಗಿ ಬನ್ನಿ" ಎಂದು ಬೇಡಿಕೊಂಡಳು. "ನೀನು ಹೆಣ್ಣೆಂಗಸು, ನಿಂಗೆ ಇದೆಲ್ಲ ಗೊತ್ತಾಗಲ್ಲಮ್ಮ" ಎಂದು ತಿಮ್ಮರಾಯಪ್ಪ ಜಗಲಿಯ ಈ ಕಡೆ, ಹೊಸಲಿನ ಒಳಗೆ, ಕುರ್ಚಿ ಹಾಕಿಕೊಂಡು ಕುಳಿತ. ಅಷ್ಟು ವಿಧೇಯನಾದ ಅಣ್ಣ ಬೆಂಗಳೂರಿನಲ್ಲೇ ಇರಲಿಲ್ಲ. ಮೂರು ಹೊಡೆದ ಮೇಲೆ ಎದ್ದು, ಬಲಗಾಲು ಮೊದಲಿಟ್ಟು ಹೊಸಲು ದಾಟಿ, ಕಾರಿನಲ್ಲಿ ಕುಳಿತ. ಚುನಾವಣಾಧಿಕಾರಿಯ ಕಚೇರಿ ಮುಟ್ಟಿದಾಗ ಮೂರೂ ನಲವತ್ತು. ಆಗಲೇ ಅಭ್ಯರ್ಥಿಗಳ ಪಟ್ಟಿ ಬರೆದು ಮುಗಿಸಿದ್ದರು. ತಿಮ್ಮರಾಯಪ್ಪ, ಸ್ವತಂತ್ರ, ಸೈಕಲ್.

ಸಂಜೆ ಗಂಗಾಧರಯ್ಯ ಬಂದು ರಾಮಪ್ರಸಾದನನ್ನು ಬಾಯಿಗೆ ಬಂದ ಹಾಗೆ ಬೈದ. ಸಿದ್ದಾಪುರದವನು ವಾಪಸ್ ಪಡೆದಿದ್ದ, ಮನೆಯವನು ಉಳಿದುಕೊಂಡಿದ್ದ. ತಿಮ್ಮರಾಯಪ್ಪ ಕಂಬಕ್ಕೆ ಒರಗಿ ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ನಿಜವಾಗಿ ನಾಚಿಕೆಯಾಗುತ್ತಿತ್ತು. ತಪ್ಪಾಯಿತು ಎಂದು ಹೇಳಿಬಿಡೋಣ ಎಂದು ತಮ್ಮನ ಹತ್ತಿರ ಎರಡು ಹೆಜ್ಜೆ ಇಟ್ಟಿದ್ದ. ಅಷ್ಟರಲ್ಲಿ ಗಂಗಾಧರಯ್ಯನ ಕೋಪ ಇಳಿದು ನಗು ಬಂತು.

"ಹೋಗ್ಲಿ ಬಿಡ್ರಿ, ಏನಾಯ್ತೀಗ? ನಮ್ಮಣ್ಣನಿಗೆ ಯಾರು ಓಟ್ ಹಾಕ್ತಾರೆ? ಹತ್ತು ಬಂದ್ರೆ ಹೆಚ್ಚು. ಅತ್ಗೆ, ನೀವಾದ್ರೂ ಹಾಕ್ತೀರೋ ಇಲ್ವೋ?"

ಸುತ್ತ ಇದ್ದವರೆಲ್ಲ ನಕ್ಕರು. ಕೆಂಪಕ್ಕನೂ ನಕ್ಕಳು. ತಿಮ್ಮರಾಯಪ್ಪ ಇಟ್ಟ ಎರಡು ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು ಹಸುಗಳ ಕಡೆ ಹೋದ. ಮುಚ್ಚಿಟ್ಟ ಬಟ್ಟಲನ್ನು ಮುನಿಲಕ್ಷ್ಮಮ್ಮ ತಂದು ಮೈದುನನ ಮುಂದೆ ಇಟ್ಟಳು.

ಹತ್ತು ದಿನ ಕಳೆದ ಮೇಲೆ ರಾಮಪ್ರಸಾದ ಒಂದು ಸುದ್ದಿ ತಂದ. ತಿಮ್ಮರಾಯಪ್ಪನವರು ದಿನಾ ಬೆಳಿಗ್ಗೆ ಸೈಕಲ್ ಮೇಲೆ ಜಯನಗರ ಸುತ್ತುತ್ತಾರಲ್ಲ, ಜನ ಅದನ್ನು ಪ್ರಚಾರ ಎಂದುಕೊಂಡಿದ್ದಾರೆ, ನಾಲ್ಕನೇ ಬ್ಲಾಕಿನಲ್ಲಿ ಹುಡುಗರು ಅವರನ್ನು ಕಂಡು ಜೈಕಾರ ಹಾಕಿದರಂತೆ. ಗಂಗಾಧರಯ್ಯನ ಮುಖದ ನಗು ಹೋಯಿತು.

"ಅಣ್ಣಾ, ಎಲೆಕ್ಷನ್ ಮುಗಿಯೋವರ್ಗೂ ಸೈಕಲ್ ಹತ್ಬೇಡ."

"ಹಾಲು?"

"ನಡ್ಕೊಂಡು ಹೋಗು. ಇಲ್ಲ, ನನ್ ಜೀಪಲ್ಲಿ ಕಳಿಸ್ತೀನಿ."

ತಿಮ್ಮರಾಯಪ್ಪ ಮಾತಾಡುವ ಮೊದಲೇ ಮುನಿಲಕ್ಷ್ಮಮ್ಮ ಹೊರಗೆ ಬಂದಳು. ಮೈದುನನ ಎದುರು ಅವಳು ಹಾಗೆ ದನಿಯೆತ್ತಿದ್ದು ಅದೇ ಮೊದಲು.

"ಇಪ್ಪತ್ತೆಂಟು ವರ್ಷದಿಂದ ಆ ಸೈಕಲ್ ತುಳೀತವ್ರೆ. ನೀವು ಸ್ಲೇಟು ಹಿಡ್ಕೊಂಡು ಹೋಗಿದ್ದೂ ಅದರ ಹಿಂದಿನ ಸೀಟಲ್ಲೇ ಕೂತ್ಕೊಂಡು. ಇವತ್ತು ಅದು ನಿಮ್ಗೆ ಅಡ್ಡ ಬಂತಾ?"

"ಅತ್ಗೆ, ಅದಲ್ಲ ವಿಷ್ಯ—"

"ಇನ್ನೇನು? ಜೀಪಲ್ಲಿ ಹಾಲು ಹಾಕ್ತಾರೆ! ಹಾಲು ಹಾಕೋಕೆ ಗೌರಮ್ಮನ್ನ ಕಳಿಸಿ, ಜನ ನೋಡ್ಲಿ."

ಗೌರಮ್ಮ ಅಳುತ್ತ ಒಳಗೆ ಹೋದಳು. ಕೆಂಪಕ್ಕ "ಬಾಯ್ ಮುಚ್ಚಮ್ಮ" ಎಂದು ಗದರಿದಳು. ಬೆಳಿಗ್ಗೆ ಐದಕ್ಕೆ ತಿಮ್ಮರಾಯಪ್ಪ ಎಂದಿನಂತೆ ಕ್ಯಾನು ನೇತುಹಾಕಿ ಸೈಕಲ್ ಹತ್ತಿದ. ಒಂದು ವ್ಯತ್ಯಾಸವಿತ್ತು. ಮೊದಲು ಗೇಟಿನ ಹತ್ತಿರ ಮಾತ್ರ ಬೆಲ್ ಮಾಡುತ್ತಿದ್ದವನು ಈಗ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮಾಡುತ್ತಿದ್ದ.

ಜನವರಿಯ ಮೊದಲ ವಾರ ಮತದಾನ ನಡೆದು ಎಣಿಕೆಯೂ ಆಯಿತು. ಗಂಗಾಧರಯ್ಯ ಮುನ್ನೂರ ಹದಿನೆಂಟು ಓಟಿನಿಂದ ಸೋತ. ಸೈಕಲ್ಲಿಗೆ ಬಿದ್ದದ್ದು ಸಾವಿರದ ನೂರ ಆರು.

ಮಾರನೆಯ ಬೆಳಿಗ್ಗೆ ಜಗಲಿಯ ಮೇಲೆ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ. ಮುನಿಲಕ್ಷ್ಮಮ್ಮ ಅಭ್ಯಾಸಬಲದಿಂದ ದೊಡ್ಡ ಪಾತ್ರೆಯಲ್ಲಿ ಕಾಫಿಗೆ ನೀರಿಟ್ಟು, ನೆನಪಾಗಿ ಇಳಿಸಿ, ಚಿಕ್ಕ ಪಾತ್ರೆ ಇಟ್ಟಳು. ನಾಗು ಆರು ಲೋಟ ತೊಳೆದಳು.

"ಅಮ್ಮ, ನೀನು ಯಾರಿಗೆ ಹಾಕ್ದೆ?"

"ಓಟು ಗುಟ್ಟಾಗಿ ಹಾಕೋದು ಅಂತ ನಿಮ್ ಸ್ಕೂಲಲ್ಲಿ ಹೇಳ್ಕೊಡಲಿಲ್ವಾ?"

ಹೇಳುವಾಗ ಅವಳ ಮುಖದಲ್ಲಿ ಗೆದ್ದವರ ಕಳೆಯಿತ್ತು. ನಾಗುವಿಗೆ ಅದನ್ನು ನೋಡಲಾಗಲಿಲ್ಲ.

ಅದೇ ಹೊತ್ತಿಗೆ ಜಯನಗರದಲ್ಲಿ ರಿಟೈರಾದ ಮೇಷ್ಟರೊಬ್ಬರ ಹೆಂಡತಿ ಪಾತ್ರೆ ಹಿಡಿದುಕೊಂಡು ಗೇಟಿಗೆ ಬಂದು, "ನಮ್ಮನೇಲಿ ನಾಲ್ಕು ಓಟೂ ನಿಮಗೇ ತಿಮ್ಮರಾಯಪ್ಪ" ಎಂದರು. "ನಿಮ್ಮ ತಮ್ಮ ಐದು ವರ್ಷದಲ್ಲಿ ಈ ಬೀದಿಗೆ ಒಂದು ದಿನ ಬರಲಿಲ್ಲ. ನೀವು ಒಂದು ದಿನ ತಪ್ಪಿಸಲಿಲ್ಲ. ನೀವು ಆವಾಗ್ಲೇ ನಿಂತ್ಕೋಬೇಕಿತ್ತು." ಪಕ್ಕದ ಮನೆಯವರೂ ಅದನ್ನೇ ಹೇಳಿದರು. ಐದು ವರ್ಷದಿಂದ ಯಾರಾದರೂ ಹೇಳಲಿ ಎಂದು ಕಾದಿದ್ದ ಮಾತು! ತಿಮ್ಮರಾಯಪ್ಪನ ಎದೆ ತುಂಬಿ ಬಂತು. ತಮ್ಮನ ಸೋಲು ಅವನಿಗೆ ನೆನಪೇ ಆಗಲಿಲ್ಲ. ನೆನಪಾದದ್ದು ಸಾರಕ್ಕಿಯ ತಿರುವಿಗೆ ಬಂದ ಮೇಲೆ. ಆಗ ಸೈಕಲ್ ಇಳಿದು ಮನೆಯವರೆಗೆ ತಳ್ಳಿಕೊಂಡು ಬಂದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತರು. ಐದು ವರ್ಷದಲ್ಲಿ ಗಂಗಾಧರಯ್ಯ ಹೀಗೆ ಸಾವಧಾನವಾಗಿ ಕುಳಿತದ್ದೇ ಇಲ್ಲ. ಎರಡು ದಿನ ಕ್ಷೌರ ಮಾಡಿಕೊಂಡಿರಲಿಲ್ಲ. ಅಣ್ಣ ತಲೆ ಎತ್ತದೆ ಕುಳಿತದ್ದನ್ನು ನೋಡಿ ಅವನಿಗೆ ಕನಿಕರವಾಯಿತು.

"ಅಣ್ಣಾ, ನೀನ್ಯಾಕೆ ಹಿಂಗಿದೀಯ? ನಿನ್ ತಪ್ಪೇನೂ ಇಲ್ಲ. ರಾಹುಕಾಲ ಅಂತ ಕಟ್ಟಪ್ಪಣೆ ಮಾಡ್ದೋನು ನಾನು. ನೀನು ನನ್ ಮಾತು ಮೀರ್ಲಿಲ್ಲ. ಪಕ್ಷದಲ್ಲಿ ಒಬ್ಬನೂ ನನ್ ಮಾತು ಹಂಗೆ ಕೇಳಲಿಲ್ಲ ನೋಡು."

ತಿಮ್ಮರಾಯಪ್ಪನಿಗೆ ಬೈದಿದ್ದರೆ ಎಷ್ಟು ಸುಲಭವಾಗಿತ್ತು! ಮುನಿಲಕ್ಷ್ಮಮ್ಮ ಬೇಗ ಬೇಗ ಮುದ್ದೆ ಕಟ್ಟಿ, ಐದು ವರ್ಷದ ರೂಢಿಯಂತೆ ಮೈದುನನ ತಟ್ಟೆಯ ಕಡೆ ಬಗ್ಗಿದಳು.

"ಅಲ್ಲಿಗಲ್ಲ" ಎಂದಳು ಕೆಂಪಕ್ಕ. "ಹಿರಿಯೋನಿಗೆ ಇಕ್ಕು."

ಮುನಿಲಕ್ಷ್ಮಮ್ಮ ಅತ್ತೆಯ ಮುಖ ನೋಡಿದಳು. ಮುದುಕಿಯ ದನಿಯಲ್ಲಿ ಕೋಪವಿರಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವ ದನಿಯದು.

"ಗ್ಯಾಸ್ ಇದ್ದೂ ಹಸಿ ಸೌದೆ ಹಾಕ್ದೆ. ಅವನು ಅದನ್ನ ನೋಡ್ಕೊಂಡು ಕೂತಿದ್ದ, ಎರಡ್ನೇ ಮುದ್ದೇನೂ ಬೇಡ ಅನ್ನದೆ ಹಾಕಿಸ್ಕೊಂಡ. ನಂಗೂ ಕಣ್ಣಿದೆ ಕಣಮ್ಮ. ಎಲ್ಲಾ ಇದೊಂದು ಮುದ್ದೆಗೆ ತಾನೇ? ತಗೊಳ್ಳಿ. ನಂದೂ ತಪ್ಪೇ, ನಾನು ಮೊದ್ಲೇ ಕೊಟ್ಟುಬಿಡ್ಬೇಕಿತ್ತು."

ಗೌರಮ್ಮನ ಕೈಯಲ್ಲಿದ್ದ ಸಾರಿನ ಸೌಟು ಹಾಗೆಯೇ ನಿಂತಿತು. ಗಂಗಾಧರಯ್ಯ ಮೊದಲು ಅರ್ಥವಾಗದೆ ತಾಯಿಯನ್ನು ನೋಡಿದ, ಅತ್ತಿಗೆಯನ್ನು ನೋಡಿದ, ಕಡೆಗೆ ಅಣ್ಣನನ್ನು ನೋಡಿದ. ಇಲ್ಲ ಅನ್ನಲಿ ಎಂದು ಕಾದ. ತಿಮ್ಮರಾಯಪ್ಪ ಇಲ್ಲ ಅನ್ನಲಿಲ್ಲ.

ಮುನಿಲಕ್ಷ್ಮಮ್ಮ ಮುದ್ದೆಯನ್ನು ಗಂಡನ ತಟ್ಟೆಯ ಮೇಲೆ ತಂದಳು. ಅಂಗೈ ಸುಡುತ್ತಿತ್ತು. ತಿಮ್ಮರಾಯಪ್ಪ ತಟ್ಟೆಗೆ ಕೈ ಅಡ್ಡ ಹಿಡಿದ.

"ಬೇಡ. ಮೊದ್ಲು ಗಂಗಾಧರನಿಗೆ ಇಕ್ಕು."

ಹಾಗೆಯೇ ಕೈ ಹಿಡಿದುಕೊಂಡು ಕುಳಿತ. ಅವ್ವನಾದರೂ, ತಮ್ಮನಾದರೂ, ಇನ್ನೊಮ್ಮೆ ತಗೋ ಅಂತಾರೆಂದು ಕಾದ. ಕೆಂಪಕ್ಕ ಒಲೆಯ ಕಡೆ ತಿರುಗಿ ಸೌದೆ ಹಿಂದಕ್ಕೆ ಎಳೆಯುತ್ತಿದ್ದಳು. ಗಂಗಾಧರಯ್ಯ ಖಾಲಿ ತಟ್ಟೆಯಲ್ಲಿ ನೀರು ಸುರಿದು ಕೈ ತೊಳೆದು ಎದ್ದ. ಯಾರೂ ಎರಡನೆಯ ಸಲ ಕೇಳಲಿಲ್ಲ.